ಆಟದ ಬಂದೂಕು ಕಲಿಸಿದ ವಿಜ್ಞಾನಪಾಠ

ಜಾತ್ರೆಗೆ ಹೋದಾಗ ಬಲೂನು ಹೊಡೆಯುವ ಅಂಗಡಿಯ ಮುಂದೆ ನಿಲ್ಲದ ಹುಡುಗರು ವಿರಳ. ಅಂಗಡಿಯವನು ಬಂದೂಕಿನ ನಳಿಗೆಯನ್ನು ಕೈಯಿಂದ ಬಗ್ಗಿಸುತ್ತಾನೆ. ಒಳಗಿನ ಸ್ಪ್ರಿಂಗು ಒತ್ತಿಕೊಂಡು ಕೂರುತ್ತದೆ. ಟ್ರಿಗರ್ ಎಳೆದೊಡನೆ ಸ್ಪ್ರಿಂಗು ಚಿಮ್ಮಿ, ಗಾಳಿಯನ್ನು ಒತ್ತಿ, ಆ ಗಾಳಿ ಗುಂಡನ್ನು ತಳ್ಳುತ್ತದೆ. ಕೈಯ ಈ ಕೆಲಸವನ್ನು ಬ್ಯಾಟರಿ ಮತ್ತು ಮೋಟಾರಿನಿಂದ ಮಾಡಿಸುವ ಆಟದ ಬಂದೂಕುಗಳೂ ಇವೆ. ಇವನ್ನು ಏರ್‌ಸಾಫ್ಟ್ ಬಂದೂಕುಗಳೆನ್ನುತ್ತಾರೆ. ಇವು ಹಾರಿಸುವುದು ಸುಮಾರು 6 ಮಿಲಿಮೀಟರ್ ಗಾತ್ರದ ಪ್ಲಾಸ್ಟಿಕ್ ಗುಂಡು. ಜಪಾನಿನ ಟೋಕಿಯೊ ಮರುಯಿ ಎಂಬ ಕಂಪನಿಯು 1991ರಲ್ಲಿ ಇಂಥ ವಿದ್ಯುತ್ ಬಂದೂಕನ್ನು ಮಾರುಕಟ್ಟೆಗೆ ತಂದಿತು. ಅಲ್ಲಿಂದ ಈ ಆಟ ಅನೇಕ ದೇಶಗಳಿಗೆ ಹರಡಿತು.

ಕಳೆದ ಬೇಸಿಗೆ ರಜೆ ಮುಗಿದ ಮೇಲೆ ಕಲ್ಯಾಣದುರ್ಗದ ಕಡೆಯ ನಮ್ಮ ವಿದ್ಯಾರ್ಥಿಯೊಬ್ಬನು ತಂದೆಯೊಡನೆ ಹಿಂದೂಪುರದಲ್ಲಿ ನಮ್ಮನ್ನು ಕಾಣಲು ಬಂದನು. ಕೈಚೀಲದಲ್ಲಿ ಕೆಟ್ಟುಹೋದ ಇಂಥದೊಂದು ಬಂದೂಕಿತ್ತು. ಸೋದರಮಾವ ಊರಿನಿಂದ ಬರುವಾಗ ತಂದುಕೊಟ್ಟದ್ದಂತೆ.

“ಇನ್ನೂ ದೂರ ಹೋಗಲಿ ಅಂತ ಅಂಗಡಿಯಲ್ಲಿ ಗಟ್ಟಿ ಸ್ಪ್ರಿಂಗು ಹಾಕಿಸಿದೆ ಸಾರ್. ಎರಡೇ ದಿನ ಓಡಿತು” ಎಂದನು ಹುಡುಗ.

“ಆ ಎರಡು ದಿನದಲ್ಲೇ ಗೋಡೆಗೆ ತಾಗಿದ ಗುಂಡು ಹಿಂದಕ್ಕೆ ಪುಟಿದು ಇವನ ತಂಗಿಯ ಹುಬ್ಬಿಗೆ ಹೊಡೀತು ಸಾರ್. ಇನ್ನೊಂದು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು. ಇದನ್ನು ಒಲೆಗೆ ಹಾಕಬೇಕೆಂದಿದ್ದೆ. ನೀವು ನೋಡಿ ಹೇಳಿ” ಎಂದರು ತಂದೆ.

ಒಲೆಗೆ ಹಾಕುವ ಮೊದಲು ಬಿಚ್ಚಿ ನೋಡೋಣವೆಂದು ನಾವು ನಿಶ್ಚಯಿಸಿದೆವು. ಮೋಟಾರು ವೈಂಡಿಂಗ್ ಮಾಡುವ ಪರಿಚಿತರೊಬ್ಬರು ಜೊತೆಗೆ ಕುಳಿತರು. ಅಂದು ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ.

ಒಳಗೆ ಏನಿದೆ?

ಟ್ರಿಗರ್ ಒತ್ತಿದಾಗ ಬ್ಯಾಟರಿಯ ವಿದ್ಯುತ್ತು ಮೋಟಾರಿಗೆ ಹರಿಯುತ್ತದೆ. ಮೋಟಾರಿನ ತುದಿಯ ಸಣ್ಣ ಹಲ್ಲುಚಕ್ರವು ಒಂದರ ಹಿಂದೊಂದರಂತೆ ಮೂರು ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ಸಾಮಾನ್ಯವಾದ ಬಂದೂಕುಗಳಲ್ಲಿ ಮೋಟಾರು ಸುಮಾರು 18 ಸುತ್ತು ತಿರುಗಿದರೆ ಕೊನೆಯ ಚಕ್ರ ಒಂದು ಸುತ್ತು ತಿರುಗುತ್ತದೆ. ವೇಗ ಕಡಿಮೆಯಾದಂತೆ ಎಳೆಯುವ ಬಲ ಹೆಚ್ಚುತ್ತದೆ. ಗೇರು ಸೈಕಲ್ಲಿನಲ್ಲಿ ದಿಣ್ಣೆ ಹತ್ತುವಾಗ ನಾವು ಮಾಡುವುದೂ ಇದನ್ನೇ.

ಕೊನೆಯ ಚಕ್ರದ ಅರ್ಧ ಭಾಗಕ್ಕೆ ಮಾತ್ರ ಹಲ್ಲುಗಳಿವೆ. ಹಲ್ಲಿರುವ ಭಾಗವು ಪಿಸ್ಟನ್ನನ್ನು ಹಿಂದಕ್ಕೆ ಎಳೆದು ಸ್ಪ್ರಿಂಗನ್ನು ಒತ್ತುತ್ತದೆ. ಹಲ್ಲಿಲ್ಲದ ಭಾಗ ಬಂದೊಡನೆ ಪಿಸ್ಟನ್ನಿಗೆ ಹಿಡಿತ ತಪ್ಪಿ, ಸ್ಪ್ರಿಂಗು ಅದನ್ನು ರಭಸದಿಂದ ಮುಂದಕ್ಕೆ ದೂಡುತ್ತದೆ. ಕವಣೆಯ ರಬ್ಬರನ್ನು ಎಳೆದು ಬಿಟ್ಟಂತೆಯೇ ಇದು. ಸಿಲಿಂಡರಿನ ಗಾಳಿ ಒತ್ತಿಕೊಂಡು, ಸಣ್ಣ ಕೊಳವೆಯ ಮೂಲಕ ನುಗ್ಗಿ ಗುಂಡನ್ನು ಹಾರಿಸುತ್ತದೆ. ನಳಿಗೆಯ ಬುಡದಲ್ಲಿ ಒಂದು ರಬ್ಬರಿನ ತುಣುಕು ಗುಂಡನ್ನು ಮೇಲಿನಿಂದ ತುಸು ಒತ್ತುತ್ತದೆ. ಇದರಿಂದ ಗುಂಡು ಹಿಮ್ಮುಖವಾಗಿ ತಿರುಗುತ್ತಾ ಹೋಗುತ್ತದೆ. ಹಾಗೆ ತಿರುಗುವ ಗುಂಡು ಗಾಳಿಯನ್ನು ಕೆಳಕ್ಕೆ ತಳ್ಳಿ ತಾನು ಮೇಲಕ್ಕೆ ಎತ್ತಲ್ಪಡುವುದರಿಂದ ಹೆಚ್ಚು ದೂರ ನೇರವಾಗಿ ಸಾಗುತ್ತದೆ. ಕ್ರಿಕೆಟ್ಟಿನಲ್ಲಿ ಸ್ಪಿನ್ ಚೆಂಡು ಗಾಳಿಯಲ್ಲೇ ದಿಕ್ಕು ಬದಲಿಸುವುದಕ್ಕೂ ಇದೇ ಕಾರಣ.

ಏಕೆ ಕೆಟ್ಟಿತು?

ಬಿಚ್ಚಿದಾಗ ಕಂಡದ್ದು ಇಷ್ಟು: ಪ್ಲಾಸ್ಟಿಕ್ ಪಿಸ್ಟನ್ನಿನ ಹಲ್ಲುಗಳು ಸವೆದು ಪುಡಿಯಾಗಿದ್ದವು. ಸ್ವಿಚ್ಚಿನ ತಗಡುಗಳು ಸುಟ್ಟು ಕಪ್ಪಾಗಿದ್ದವು. ಪಿಸ್ಟನ್ನಿನ ತಲೆಯ ರಬ್ಬರ್ ಬಳೆ ಒಣಗಿ ಸಡಿಲವಾಗಿತ್ತು. ಸ್ಪ್ರಿಂಗು ಮಾತ್ರ ಹೊಸದಾಗಿ ಹೊಳೆಯುತ್ತಿತ್ತು.

ಇಲ್ಲಿ ಸ್ವಲ್ಪ ಗಣಿತ ನೋಡೋಣ. ಚಲನಶಕ್ತಿಯು ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. 0.20 ಗ್ರಾಂ ತೂಕದ ಗುಂಡು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ 1 ಜೂಲ್. ವೇಗವನ್ನು 120 ಮೀಟರಿಗೆ ಏರಿಸಿದರೆ ಶಕ್ತಿ 1.44 ಜೂಲ್. ಅಂದರೆ ವೇಗ ನೂರಕ್ಕೆ 20ರಷ್ಟು ಹೆಚ್ಚಬೇಕಾದರೆ ಶಕ್ತಿ ನೂರಕ್ಕೆ 44ರಷ್ಟು ಹೆಚ್ಚಬೇಕು. ಈ ಹೆಚ್ಚಿನ ಶಕ್ತಿಯನ್ನು ಕೊಡಬೇಕಾದದ್ದು ಮೋಟಾರು, ಹೊರಬೇಕಾದದ್ದು ಹಲ್ಲುಗಳು. ಮೋಟಾರು ಹೆಚ್ಚು ಕರೆಂಟನ್ನು ಎಳೆಯಿತು, ಸ್ವಿಚ್ಚು ಸುಟ್ಟಿತು, ಹಲ್ಲು ಮುರಿಯಿತು.

ಇದನ್ನು ವಿವರಿಸುತ್ತಿದ್ದಾಗ ಹುಡುಗನ ತಂದೆ ನಕ್ಕರು. “ನಮ್ಮ ಬೋರಿನ ಕತೆಯೂ ಇದೇ ಅಲ್ಲವೇ ಸಾರ್? ಕಡಲೆಕಾಯಿಗೆ ನೀರು ಸಾಲದು ಅಂತ ಐದು ಎಚ್.ಪಿ. ತೆಗೆದು ಏಳೂವರೆ ಇಳಿಸಿದೆ. ಕೇಬಲ್ಲು, ಸ್ಟಾರ್ಟರು ಹಳೇವೇ. ವಾರಕ್ಕೆ ಎಲ್ಲಾ ಸುಟ್ಟವು.” ನಾವು ಕರಿಹಲಗೆಯ ಮೇಲೆ ಬರೆಯಬೇಕೆಂದಿದ್ದ ಸೂತ್ರವನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಯಂತ್ರವೆಂಬುದು ಒಂದು ಸರಪಣಿ. ಒಂದು ಕೊಂಡಿಯನ್ನು ಮಾತ್ರ ಬಲಪಡಿಸಿದರೆ ಮಿಕ್ಕ ಕೊಂಡಿಗಳಲ್ಲಿ ದುರ್ಬಲವಾದದ್ದು ಕಳಚುತ್ತದೆ.

ಸುಧಾರಣೆಯ ಸರಿಯಾದ ಕ್ರಮ

ಹಾಗಾದರೆ ಸುಧಾರಿಸುವುದೇ ಬೇಡವೇ? ಬೇಕು. ಆದರೆ ಸ್ಪ್ರಿಂಗು ಕೊನೆಗೆ ಬರಬೇಕಾದದ್ದು.

ಮೊದಲನೆಯದು ಗಾಳಿ ಸೋರದಂತೆ ಮಾಡುವುದು. ಸೈಕಲ್ ಪಂಪಿನ ತೊಗಲಿನ ವಾಷರು ಒಣಗಿದರೆ ಎಷ್ಟು ಒತ್ತಿದರೂ ಟ್ಯೂಬಿಗೆ ಗಾಳಿ ಹೋಗದು. ಇಲ್ಲಿಯೂ ಹಾಗೆಯೇ. ಸಿಲಿಂಡರಿನ ಮುಂದಿನ ತೂತನ್ನು ಬೆರಳಿನಿಂದ ಮುಚ್ಚಿ ಪಿಸ್ಟನ್ನನ್ನು ಒತ್ತಿದರೆ ಅದು ಮುಂದಕ್ಕೆ ಹೋಗದೆ ತಡೆದು ನಿಲ್ಲಬೇಕು. ಸುಲಭವಾಗಿ ಹೋದರೆ ರಬ್ಬರ್ ಬಳೆಯನ್ನು ಬದಲಿಸಬೇಕು. ಅದಕ್ಕೆ ಸಿಲಿಕೋನ್ ಗ್ರೀಸನ್ನೇ ಹಚ್ಚಬೇಕು. ಕಂಡ ಕಂಡ ಯಂತ್ರದ ಎಣ್ಣೆ ಹಾಕಿದರೆ ರಬ್ಬರು ಉಬ್ಬಿ ಕೆಡಬಹುದು.

ಎರಡನೆಯದು ಹಲ್ಲುಚಕ್ರಗಳ ಹೊಂದಾಣಿಕೆ. ಚಕ್ರದ ಅಚ್ಚಿಗೆ ಕಾಗದದಷ್ಟು ತೆಳುವಾದ ಲೋಹದ ವಾಷರುಗಳನ್ನು ಹಾಕಿ, ಚಕ್ರವು ಅಲುಗಾಡದಂತೆಯೂ ಬಿಗಿಯಾಗದಂತೆಯೂ ಕೂರಿಸಬೇಕು. ಇದು ತಾಳ್ಮೆಯ ಕೆಲಸ. ನಮಗೆ ಒಂದು ಮಧ್ಯಾಹ್ನವೇ ಹಿಡಿಯಿತು. ಹೊಂದಾಣಿಕೆ ತಪ್ಪಿದ ಚಕ್ರಗಳು ಕಿರುಗುಟ್ಟುತ್ತವೆ. ಕಿವಿಗೊಟ್ಟು ಕೇಳಿದರೆ ಯಂತ್ರ ತನ್ನ ನೋವನ್ನು ತಾನೇ ಹೇಳುತ್ತದೆ.

ಮೂರನೆಯದು ವಿದ್ಯುತ್ತಿನ ದಾರಿ. ತೆಳು ತಂತಿಯ ಬದಲು ದಪ್ಪ ತಂತಿ ಹಾಕಿದರೆ ತಂತಿಯಲ್ಲಿ ವ್ಯರ್ಥವಾಗುವ ಶಕ್ತಿ ಕಡಿಮೆಯಾಗುತ್ತದೆ. ಮಾಸ್‌ಫೆಟ್ ಎಂಬ ಪುಟ್ಟ ಎಲೆಕ್ಟ್ರಾನಿಕ್ ಸ್ವಿಚ್ಚನ್ನು ಸೇರಿಸಿದರೆ ಮೋಟಾರಿನ ದೊಡ್ಡ ಕರೆಂಟು ಟ್ರಿಗರಿನ ತಗಡುಗಳ ಮೂಲಕ ಹರಿಯುವುದಿಲ್ಲ. ಪಂಪುಸೆಟ್ಟಿನ ಸ್ಟಾರ್ಟರನ್ನು ನೆನೆಸಿಕೊಳ್ಳಿ. ಹಸಿರು ಗುಂಡಿಯಲ್ಲಿ ಹರಿಯುವುದು ಅಲ್ಪ ಕರೆಂಟು. ಮೋಟಾರಿನ ಭಾರ ಹೊರುವುದು ಒಳಗಿನ ಕಾಂಟಾಕ್ಟರು.

ನಾಲ್ಕನೆಯದು ನಳಿಗೆ. ಗುಂಡಿನ ವ್ಯಾಸ ಸುಮಾರು 5.95 ಮಿ.ಮೀ., ಸಾಧಾರಣ ನಳಿಗೆಯ ಒಳವ್ಯಾಸ ಸುಮಾರು 6.08 ಮಿ.ಮೀ. 6.03 ಮಿ.ಮೀ. ಒಳವ್ಯಾಸದ ನಳಿಗೆ ಹಾಕಿದರೆ ಗುಂಡಿನ ಸುತ್ತಲಿನ ಸಂದು ಕಿರಿದಾಗಿ ಗಾಳಿ ಕಡಿಮೆ ಸೋರುತ್ತದೆ. ಆದರೆ ಹೊಸ ನಳಿಗೆ ಕೊಳ್ಳುವ ಮೊದಲು ಇರುವುದನ್ನು ಶುಭ್ರವಾದ ಮೆತ್ತನೆಯ ಬಟ್ಟೆಯಿಂದ ಒರೆಸಿ ನೋಡಿ. ನಾವು ಒರೆಸಿದಾಗ ಬಟ್ಟೆ ಕಪ್ಪಾಗಿ ಬಂತು.

ಬಲವೋ, ಸಮತೆಯೋ?

ಹಳೆಯ ಸ್ಪ್ರಿಂಗನ್ನೇ ಮರಳಿ ಹಾಕಿ, ಹೊಸ ಪಿಸ್ಟನ್ನು, ಹೊಸ ರಬ್ಬರ್ ಬಳೆ, ಹೊಸ ಸ್ವಿಚ್ಚು ಜೋಡಿಸಿದೆವು. ಶಾಲೆಯ ಹಿಂದೆ ದಪ್ಪ ಗೋಣಿ ಪರದೆ ಕಟ್ಟಿ, ಎಲ್ಲರೂ ಕನ್ನಡಕ ಧರಿಸಿ, ರಟ್ಟಿನ ಗುರಿಗೆ ಹತ್ತು ಗುಂಡು ಹಾರಿಸಿದೆವು. ಹತ್ತೂ ಒಂದು ಅಂಗೈಯಗಲದಲ್ಲಿ ಬಿದ್ದವು. ಗಟ್ಟಿ ಸ್ಪ್ರಿಂಗು ಇದ್ದಾಗ ಇದೇ ಹುಡುಗ ಮೊರದಗಲದ ಗುರಿಗೂ ತಪ್ಪುತ್ತಿದ್ದನಂತೆ!

ಉತ್ತಮವಾಗಿ ಕೆಲಸ ಮಾಡುವುದೆಂದರೆ ಹೆಚ್ಚು ಬಲದಿಂದ ಹೊಡೆಯುವುದಲ್ಲ, ಪ್ರತಿ ಸಲವೂ ಒಂದೇ ಸಮನಾಗಿ ಹೊಡೆಯುವುದು. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಅವರು ಚಿನ್ನ ಗೆದ್ದದ್ದು 10 ಮೀಟರ್ ಗಾಳಿ ರೈಫಲ್ ಸ್ಪರ್ಧೆಯಲ್ಲಿ. ಆ ಗುರಿಯ ನಡುವಿನ ಹತ್ತು ಅಂಕದ ಚುಕ್ಕೆಯ ವ್ಯಾಸ ಕೇವಲ ಅರ್ಧ ಮಿಲಿಮೀಟರ್. ಅಲ್ಲಿ ಗೆಲ್ಲುವುದು ಬಲವಲ್ಲ, ಸಮತೆ.

ಎಚ್ಚರಿಕೆಯ ಮಾತು

ಆಟದ ಬಂದೂಕೆಂದು ಹಗುರಾಗಿ ಕಾಣಬೇಡಿ. ಜಪಾನ್ ದೇಶವು 2006ರಲ್ಲಿ ಕಾನೂನನ್ನು ತಿದ್ದಿ, 6 ಮಿ.ಮೀ. ಗುಂಡಿನ ಬಂದೂಕಿಗೆ ಸುಮಾರು 0.98 ಜೂಲ್ ಮಿತಿಯನ್ನು ವಿಧಿಸಿತು. ಅಷ್ಟು ಶಕ್ತಿಯೂ ಕಣ್ಣನ್ನು ಕೆಡಿಸಲು ಸಾಕು. ರಕ್ಷಣಾ ಕನ್ನಡಕವಿಲ್ಲದೆ ಮುಟ್ಟಬಾರದು. ಮನುಷ್ಯರಿಗೆ, ಪ್ರಾಣಿ ಪಕ್ಷಿಗಳಿಗೆ ಗುರಿಯಿಡಬಾರದು. ಗಟ್ಟಿ ಗೋಡೆಗೆ ಹೊಡೆಯಬಾರದು. ನೋಡಲು ನಿಜವಾದ ಬಂದೂಕಿನಂತಿರುವುದರಿಂದ ಬೀದಿಯಲ್ಲಿ ಹಿಡಿದು ತಿರುಗಬಾರದು. ಬಿಚ್ಚುವ ಮೊದಲು ಗುಂಡಿನ ಡಬ್ಬಿ ತೆಗೆದು, ಒಳಗೆ ಉಳಿದ ಗುಂಡನ್ನು ಪರದೆಯತ್ತ ಹಾರಿಸಿ, ಅನಂತರ ಬ್ಯಾಟರಿ ಕಳಚಬೇಕು. ಹಿರಿಯರು ಪಕ್ಕದಲ್ಲಿರಲೇಬೇಕು. ಪೋಷಕರು ಇಂಥದನ್ನು ಕೊಳ್ಳುವ ಮೊದಲು ಪೊಲೀಸ್ ಠಾಣೆಯಲ್ಲಿ ಕಾನೂನನ್ನು ವಿಚಾರಿಸುವುದು ಲೇಸು.

ಬಂದೂಕು ಈಗ ಆ ತಂದೆಯವರ ಬೀರುವಿನಲ್ಲಿದೆ. ಬೀಗದ ಕೈ ಅವರ ಬಳಿಯಲ್ಲಿದೆ. ಗಟ್ಟಿ ಸ್ಪ್ರಿಂಗು ನಮ್ಮ ಪ್ರಯೋಗಶಾಲೆಯಲ್ಲಿದೆ. ಹುಡುಗನೋ, ಮೊನ್ನೆ ಮನೆಯ ಬೋರಿನ ಸ್ಟಾರ್ಟರನ್ನು ವೈಂಡಿಂಗ್ ಮಾಡುವವರ ಜೊತೆ ಕುಳಿತು ಬಿಚ್ಚಿ ನೋಡಿದನಂತೆ. ಅವನ ತಂಗಿಯ ಹುಬ್ಬಿನ ಮೇಲಿನ ಗುರುತು ಮಾತ್ರ ಹಾಗೆಯೇ ಇದೆ.

ಅಭ್ಯಾಸ

1. 0.25 ಗ್ರಾಂ ಗುಂಡಿನ ಚಲನಶಕ್ತಿ 1 ಜೂಲ್ ಆಗಿದ್ದರೆ ಅದರ ವೇಗವೆಷ್ಟು?
2. ಮೋಟಾರು ನಿಮಿಷಕ್ಕೆ 18,000 ಸುತ್ತು ತಿರುಗಿ, 18 ಸುತ್ತಿಗೆ ಒಂದು ಗುಂಡು ಹಾರಿದರೆ ನಿಮಿಷಕ್ಕೆ ಎಷ್ಟು ಗುಂಡು ಹಾರುತ್ತವೆ?
3. ನಿಮ್ಮ ಮನೆಯ ಸೈಕಲ್ ಪಂಪಿನ ವಾಷರನ್ನು ಪರೀಕ್ಷಿಸಿ, ಗಾಳಿ ಎಲ್ಲಿ ಸೋರುತ್ತದೆಂದು ಬರೆಯಿರಿ.