ಗಣಕಯಂತ್ರದ ದಿನಚರಿಯಲ್ಲಿ ನಿರಪಾಯವಾದ ಎಚ್ಚರಿಕೆಗಳು

ಲಿನಕ್ಸ್ ವ್ಯವಸ್ಥೆಯುಳ್ಳ ಗಣಕಯಂತ್ರವು ಚಾಲೂ ಆದ ಕ್ಷಣದಿಂದಲೇ ಒಂದು ದಿನಚರಿಯನ್ನು ಬರೆಯತೊಡಗುತ್ತದೆ. ಇದಕ್ಕೆ ಲಾಗ್ ಎಂದು ಹೆಸರು. ನಮ್ಮ ವಿದ್ಯಾರ್ಥಿಯೊಬ್ಬನು ಒಮ್ಮೆ ಇದನ್ನು ತೆರೆದು, ವೈಫೈ ಕಾರ್ಡಿಗೆ ಸಂಬಂಧಿಸಿದಂತೆ ‘ಫೇಲ್ಡ್’ ಎಂಬ ಮಾತನ್ನು ಐದು ಸಾಲುಗಳಲ್ಲಿ ಕಂಡು, ಗಾಬರಿಗೊಂಡು, ಇಡೀ ವ್ಯವಸ್ಥೆಯನ್ನು ಅಳಿಸಿ ಹೊಸದಾಗಿ ಸ್ಥಾಪಿಸಿದನು. ಲೋಲಕದ ಪ್ರಯೋಗದ ಅಳತೆಗಳೆಲ್ಲ ಅದರೊಡನೆ ನಾಶವಾದುವು. ಮರುದಿನ ಅವೇ ಐದು ಸಾಲುಗಳು ಮತ್ತೆ ಕಾಣಿಸಿಕೊಂಡುವು! ವೈಫೈ ಮಾತ್ರ ಮೊದಲೂ ಸರಿಯಾಗಿತ್ತು, ಅನಂತರವೂ ಸರಿಯಾಗಿತ್ತು. ಹಾಗಾದರೆ ಆ ಸಾಲುಗಳ ಅರ್ಥವೇನು?

ಕಾರ್ಡಿನೊಳಗೆ ಒಂದು ಪುಟ್ಟ ಸಂಸ್ಕಾರಕವಿದೆ. ಅದು ಕೆಲಸಮಾಡಬೇಕಾದರೆ ಫರ್ಮ್‌ವೇರ್ ಎಂಬ ಆದೇಶಸಮೂಹವನ್ನು ಅದರೊಳಕ್ಕೆ ತುಂಬಬೇಕು. ಈ ಕಾರ್ಯವನ್ನು ಡ್ರೈವರ್ ಎಂಬ ತಂತ್ರಾಂಶವು ನಿರ್ವಹಿಸುತ್ತದೆ. ಡ್ರೈವರು ಲಿನಕ್ಸಿನ ತಿರುಳಾದ ಕರ್ನೆಲಿನೊಡನೆ ಬರುತ್ತದೆ. ಫರ್ಮ್‌ವೇರ್ ಕಡತಗಳಾದರೋ ಬೇರೆಯೇ ಕಟ್ಟಾಗಿ ಬರುತ್ತವೆ. ಇವೆರಡೂ ಯಾವಾಗಲೂ ಜೊತೆಯಲ್ಲಿಯೇ ಹೊಸದಾಗುವುದಿಲ್ಲ. ತೊಡಕಿನ ಮೂಲವಿರುವುದು ಇಲ್ಲಿಯೇ.

ಇಂಟೆಲ್ ಸಂಸ್ಥೆಯ ಎಎಕ್ಸ್ 200 ಎಂಬ ಕಾರ್ಡನ್ನು ತೆಗೆದುಕೊಳ್ಳೋಣ. ಇದರ ಡ್ರೈವರಿಗೆ ಐಡಬ್ಲ್ಯುಎಲ್‌ವೈಫೈ ಎಂದು ಹೆಸರು. ಡ್ರೈವರು 77ನೆಯ ಆವೃತ್ತಿಯವರೆಗಿನ ಫರ್ಮ್‌ವೇರನ್ನು ಬಲ್ಲುದು, ಡಿಸ್ಕಿನಲ್ಲಿರುವುದು 72ನೆಯದು ಎಂದು ಭಾವಿಸಿದರೆ, ಅದು ಮೊದಲು 77ನ್ನು ಕೇಳುತ್ತದೆ. ದೊರೆಯದಿರಲು 76, ಬಳಿಕ 75, ಹೀಗೆ ಇಳಿಯುತ್ತ ಹೋಗಿ 72ರಲ್ಲಿ ಸಫಲವಾಗುತ್ತದೆ. ದೊರೆಯದ ಪ್ರತಿಯೊಂದಕ್ಕೂ ‘ಎರರ್ −2’ ಎಂಬ ಒಂದು ಸಾಲು ಲಿನಕ್ಸಿನ ಅನೇಕ ಆವೃತ್ತಿಗಳಲ್ಲಿ ದಾಖಲಾಗಿದೆ. −2 ಎಂದರೆ ಕೇಳಿದ ಹೆಸರಿನ ಕಡತವಿಲ್ಲವೆಂದಷ್ಟೇ ಅರ್ಥ.

ಪ್ರಯೋಗಶಾಲೆಯ ತಕ್ಕಡಿಯಲ್ಲಿ ನಾವು ಮಾಡುವುದೂ ಇದನ್ನೇ. 50 ಗ್ರಾಮಿನ ಬಟ್ಟನ್ನಿಟ್ಟು, ಹೆಚ್ಚಾಯಿತೆಂದು ತೆಗೆದು, 20 ಗ್ರಾಮಿನದನ್ನು ಇಡುತ್ತೇವೆ. ಪ್ರಯೋಗ ಕೆಟ್ಟಿತೆಂದು ಯಾರೂ ಬರೆಯುವುದಿಲ್ಲ. ಕರ್ನೆಲಿಗೆ ಅಂಥ ಸಂಕೋಚವಿಲ್ಲ.

ಆದರೆ ಇಂಥ ಸಾಲುಗಳನ್ನೆಲ್ಲ ಕಣ್ಣುಮುಚ್ಚಿ ಕಡೆಗಣಿಸಬಹುದೆಂದು ವಾಚಕರು ತಿಳಿಯಬಾರದು. ಡಿಸ್ಕಿನಲ್ಲಿ ತಕ್ಕ ಫರ್ಮ್‌ವೇರ್ ಯಾವುದೂ ಇಲ್ಲದಿದ್ದಾಗಲೂ ದಿನಚರಿಯು ಹೀಗೆಯೇ ಆರಂಭವಾಗುತ್ತದೆ. ಭೇದವಿರುವುದು ಕೊನೆಯಲ್ಲಿ. ಕಡೆಯ ಸಾಲು ‘ಲೋಡೆಡ್ ಫರ್ಮ್‌ವೇರ್ ವರ್ಷನ್’ ಎಂದಿದ್ದರೆ ಹಿಂದಿನ ವೈಫಲ್ಯಗಳೆಲ್ಲ ಹುಡುಕಾಟದ ಹೆಜ್ಜೆಗಳು. ‘ನೋ ಸೂಟೆಬಲ್ ಫರ್ಮ್‌ವೇರ್ ಫೌಂಡ್’ ಎಂದಿದ್ದರೆ ಕಾರ್ಡು ನಿಷ್ಕ್ರಿಯವೇ ಸರಿ.

ಕರ್ನೆಲು ತನ್ನ ಮಾತುಗಳ ಗಾಂಭೀರ್ಯವನ್ನು 0ಯಿಂದ 7ರವರೆಗೆ ಎಂಟು ಮಟ್ಟಗಳಲ್ಲಿ ಗುರುತಿಸುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಮೇಲೆ ಹೇಳಿದ ಕಡತವಿಲ್ಲದ ಸಾಲು 4ನೆಯ ಮಟ್ಟದ್ದು, ಎಂದರೆ ಎಚ್ಚರಿಕೆ. ಫರ್ಮ್‌ವೇರ್ ಸಿಗಲೇ ಇಲ್ಲವೆಂಬುದು 3ನೆಯ ಮಟ್ಟದ ದೋಷ. ಅಂಥ ಸಂದರ್ಭದಲ್ಲಿಯೂ ವ್ಯವಸ್ಥೆಯನ್ನು ಅಳಿಸಬೇಕಾಗಿಲ್ಲ: ತನಗೆ ಬೇಕಾದ ಕನಿಷ್ಠ ಹಾಗೂ ಗರಿಷ್ಠ ಆವೃತ್ತಿಗಳನ್ನು ಡ್ರೈವರೇ ಮುಂದಿನ ಸಾಲುಗಳಲ್ಲಿ ತಿಳಿಸುತ್ತದೆ, ಆ ಮಿತಿಯೊಳಗಿನ ಫರ್ಮ್‌ವೇರ್ ಕಟ್ಟನ್ನು ತಂತಿಯ ಸಂಪರ್ಕದಿಂದಲೋ ಬೇರೊಂದು ಯಂತ್ರದಿಂದಲೋ ತಂದು ಸೇರಿಸಿ, ಗಣಕವನ್ನು ಮತ್ತೊಮ್ಮೆ ಚಾಲೂ ಮಾಡಿದರಾಯಿತು.