ಶತ್ರುವಿಗೂ ಒಂದು ಮುಖವಿದೆ

ಯುದ್ಧದ ಸಿನಿಮಾದಲ್ಲಿ ಶತ್ರು ಸೈನಿಕ ಸತ್ತು ಬಿದ್ದಾಗ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆ ಅವರ ಮನಸ್ಸಿಗೆ ಏನು ಕಲಿಸುತ್ತದೆ?

1930ರ ಅಮೆರಿಕನ್ ಚಿತ್ರ ‘ಆಲ್ ಕ್ವಾಯಟ್ ಆನ್ ದ ವೆಸ್ಟರ್ನ್ ಫ್ರಂಟ್’ ಮೊದಲ ಮಹಾಯುದ್ಧದ ಕಥೆ. ಗುಂಡಿಯಲ್ಲಿ ಅಡಗಿದ್ದ ಜರ್ಮನ್ ಯುವಕ ಪೌಲ, ಅಲ್ಲಿಗೆ ಧುಮುಕಿದ ಫ್ರೆಂಚ್ ಸೈನಿಕನನ್ನು ಇರಿಯುತ್ತಾನೆ. ಆಮೇಲೆ ಅವನ ನರಳಾಟ ತಾಳಲಾರದೆ ನೀರು ಕೊಡುತ್ತಾನೆ, ಕ್ಷಮೆ ಬೇಡುತ್ತಾನೆ. ಸತ್ತವನ ಬಳಿ ಹೆಂಡತಿ, ಮಗಳ ಫೋಟೋ ಸಿಗುತ್ತದೆ.

ರಕ್ತ, ಹೊಗೆ, ಸದ್ದು ತೋರಿಸಿದ ಮಾತ್ರಕ್ಕೆ ಚಿತ್ರ ನೈಜವಾಗದು. ಸತ್ತವನೂ ಒಬ್ಬ ತಾಯಿಯ ಮಗನೆಂದು ತೋರಿಸಿದಾಗಲೇ ಸತ್ಯ ಪೂರ್ಣವಾಗುತ್ತದೆ. ಪೌಲನ ಪಾತ್ರ ವಹಿಸಿದ ಲ್ಯೂ ಏರ್ಸ್, ಎರಡನೆಯ ಮಹಾಯುದ್ಧದಲ್ಲಿ ಆಯುಧ ಹಿಡಿಯಲೊಪ್ಪದೆ, ಸೇನೆಯ ವೈದ್ಯಕೀಯ ದಳದಲ್ಲಿ ಗಾಯಾಳುಗಳ ಸೇವೆ ಮಾಡಿದರು.

ದೇಶ ಕಾಯುವ ಸೈನಿಕರ ತ್ಯಾಗವನ್ನು ಧರ್ಮಸಭೆ ಗೌರವಿಸುತ್ತದೆ. ಆದರೆ ಯಾರ ಸಾವಿನಲ್ಲೂ ಸಂತೋಷಪಡಲು ಕಲಿಸುವುದಿಲ್ಲ. ಶತ್ರುವನ್ನೂ ಪ್ರೀತಿಸಬೇಕೆಂದು ಯೇಸುಸ್ವಾಮಿ ಬೋಧಿಸಿದರು. ಮುಖವೇ ಕಾಣದವನನ್ನು ಪ್ರೀತಿಸುವುದಾದರೂ ಹೇಗೆ?

ತಂದೆತಾಯಂದಿರೇ, ಮುಂದಿನ ಸಲ ಇಂಥ ಚಿತ್ರ ನೋಡಿದಾಗ ಮಕ್ಕಳನ್ನು ಕೇಳಿರಿ: “ಸತ್ತ ಆ ಸೈನಿಕನಿಗಾಗಿ ಮನೆಯಲ್ಲಿ ಯಾರು ಕಾಯುತ್ತಿದ್ದರು?” ಅಂದಿನ ಜಪಸರದಲ್ಲಿ, ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ಎರಡೂ ಕಡೆಯ ತಾಯಂದಿರಿಗಾಗಿ ಒಂದು ‘ನಮೋ ಮರಿಯ’ ಒಪ್ಪಿಸಿರಿ.