ಡಾಕ್ಟರ ಮುಂದೆ ಮನಸ್ಸಿನ ಮಾತು

ನಮ್ಮ ಕಡೆಯ ದವಾಖಾನೆಗಳಲ್ಲಿ ಮನಸ್ಸಿನ ಕಾಯಿಲೆ ತನ್ನ ಹೆಸರು ಹೇಳಿಕೊಂಡು ಒಳಗೆ ಬರುವುದು ಅಪರೂಪ. 'ಎದಿ ಧಡಧಡ ಅಂತೈತ್ರಿ', 'ತಲಿ ಭಾರ ಆಗೇತಿ', 'ಗ್ಯಾಸ್ ಮ್ಯಾಲೇರತೈತಿ' ಎಂದೇ ಮಾತು ಶುರುವಾಗುತ್ತದೆ. ಮನೆಯಲ್ಲಿ ಉರ್ದು ಆಡುವ ತಾಯಂದಿರು 'ಜೀ ಘಬರಾತಾ' ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಡಾಕ್ಟರು ಬಿ.ಪಿ. ನೋಡಿ, ಗ್ಯಾಸಿನ ಗುಳಿಗೆ, ಶಕ್ತಿಯ ಇಂಜೆಕ್ಷನ್ ಕೊಟ್ಟು ಕಳಿಸುತ್ತಾರೆ. ಎಂಟು ದಿನಕ್ಕೆ ಮತ್ತೆ ಅದೇ ತೊಂದರೆ. ಡಾಕ್ಟರು ಕೇಳುವುದಿಲ್ಲ, ನಾವು ಹೇಳುವುದಿಲ್ಲ.

ಈ ಲಕ್ಷಣಗಳು ಸುಳ್ಳಲ್ಲ. ಚಿಂತೆ, ಖಿನ್ನತೆ ಮೈಯಲ್ಲೂ ಕಾಣಿಸಿಕೊಳ್ಳುತ್ತವೆ. ಯುನಾನಿಗೆ ಇದು ಹೊಸ ವಿಷಯವೂ ಅಲ್ಲ. ಕಾರಣವಿಲ್ಲದ ಭಯ, ಒಂಟಿಯಾಗಿ ಇರುವ ಬಯಕೆ ಇವುಗಳನ್ನು ಇಬ್ನ್ ಸೀನಾ 'ಮಾಲೀಖೋಲಿಯಾ' ಎಂಬ ರೋಗದ ಲಕ್ಷಣಗಳೆಂದು ಬರೆದರು. ಅವರಿಗೂ ಮೊದಲು, ಕ್ರಿ.ಶ. 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖೀ ಅವರು ಒಂದೇ ಗ್ರಂಥದಲ್ಲಿ ದೇಹದ ಆರೋಗ್ಯಕ್ಕೊಂದು ಭಾಗ, ಮನಸ್ಸಿನ ಆರೋಗ್ಯಕ್ಕೊಂದು ಭಾಗ ಇಟ್ಟಿದ್ದರು. ಇದನ್ನೆಲ್ಲ ಈಮಾನಿನ ಕೊರತೆ ಎಂದು ಬಿಡುವವರು ಆ ಹಿರಿಯರನ್ನು ನೆನೆಯಬೇಕು. ದುಆ ಮಾಡಿಸಿ, ಬೇಡ ಎನ್ನುವುದಿಲ್ಲ. ತಾಯತ ಕಟ್ಟಿಸಿ ಮೂರು ತಿಂಗಳು ಕಾಯುತ್ತ ಕೂರುವುದು ಬೇರೆ ಮಾತು.

ಹೊರಗೆ ಪಾಳಿ ಇರುತ್ತದೆ, ನಿಮಗೆ ಸಿಗುವುದು ನಾಲ್ಕೈದು ನಿಮಿಷ. ಆದ್ದರಿಂದ ಮನಸ್ಸಿನ ಮಾತನ್ನೇ ಮೊದಲು ಹೇಳಿ, ಎದ್ದು ಹೊರಡುವಾಗ ಬಾಗಿಲ ಬಳಿ ಅಲ್ಲ. 'ಟೆನ್ಶನ್' ಎಂಬ ಒಂದು ಪದದಿಂದ ಏನೂ ತಿಳಿಯುವುದಿಲ್ಲ. 'ಒಂದ್ ತಿಂಗಳಾತ್ರಿ, ನಸುಕಿನ್ಯಾಗ ಮೂರಕ್ಕ ಎಚ್ಚರ ಆಗತೈತಿ, ಮತ್ತ ನಿದ್ದಿ ಹತ್ತಂಗಿಲ್ಲ. ಅಡಗಿ ಮಾಡಾಕ ಮನಸಿಲ್ಲ, ಸುಮ್ಸುಮ್ನ ಅಳು ಬರತೈತಿ' ಎನ್ನಿ. ಎಷ್ಟು ದಿನದಿಂದ, ಯಾವ ಕೆಲಸ ನಿಂತಿದೆ, ಊಟ ನಿದ್ದೆ ಹೇಗಿದೆ ಎಂಬುದೆಲ್ಲ ಇದರಲ್ಲೇ ಬಂತು. ನವಲಗುಂದದಲ್ಲಿ ಜಮಖಾನೆ ನೇಯುವ ಹೆಣ್ಣುಮಗಳು ತಿಂಗಳಿಂದ ಮಗ್ಗದ ಮುಂದೆ ಕೂತಿಲ್ಲ ಎಂದರೆ ಡಾಕ್ಟರಿಗೆ ಅದೇ ದೊಡ್ಡ ಸುಳಿವು. ಎರಡು ವಾರ ಮೀರಿ ಹೀಗೇ ಇದ್ದರೆ ತಡ ಮಾಡಬೇಡಿ.

ಜೊತೆಗೆ ಬಂದವರ ಬಗ್ಗೆಯೂ ಹೇಳಬೇಕು. ಸೊಸೆಗೆ ಕೇಳಿದ ಪ್ರಶ್ನೆಗೆ ಅತ್ತೆ ಉತ್ತರಿಸುತ್ತಾರೆ, ಹೆಂಡತಿಯ ನೋವನ್ನು ಗಂಡ ವಿವರಿಸುತ್ತಾನೆ. ಕೆಲವರು ಶಾಲೆಗೆ ಹೋಗುವ ಮಗಳನ್ನೇ ಕನ್ನಡದಲ್ಲಿ ಹೇಳಲು ಕರೆತರುತ್ತಾರೆ. ಆ ಮಗುವಿನ ಮುಂದೆ ತಾಯಿ ಏನು ಬಾಯಿ ಬಿಟ್ಟಾಳು? 'ಎರಡ್ ನಿಮಿಷ ನಾ ಒಬ್ಬಾಕಿನ ಮಾತಾಡಬೇಕ್ರಿ' ಎಂದು ಕೇಳುವ ಹಕ್ಕು ನಿಮಗಿದೆ. ನರ್ಸ್ ಅಲ್ಲಿರಲಿ, ಸಾಕು. ಮಗಳ ನಿಕಾಹ್‌ಗೆ ಅಡ್ಡಿಯಾದೀತು ಎಂಬ ಅಂಜಿಕೆ ಬಹಳ ಮನೆಗಳಲ್ಲಿದೆ. ರೋಗಿಯ ಮಾಹಿತಿಯನ್ನು ಗುಟ್ಟಾಗಿ ಇಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ.

ರಕ್ತ ಪರೀಕ್ಷೆ ಬರೆದರೆ ಮಾಡಿಸಿ. ಥೈರಾಯಿಡ್ ಏರುಪೇರಾದರೂ, ರಕ್ತ ಕಡಿಮೆಯಾದರೂ ಮನಸ್ಸು ಕುಗ್ಗುತ್ತದೆ. ನುಂಗುತ್ತಿರುವ ಔಷಧಿಗಳನ್ನೆಲ್ಲ ತೋರಿಸಿ. ನಮ್ಮಂಥ ಹಕೀಮರು ಕೊಟ್ಟ ಮಾಜೂನೂ ಸೇರಲಿ, ಮೆಡಿಕಲ್ ಅಂಗಡಿಯಿಂದ ತಾವೇ ತಂದ ನಿದ್ದೆಗುಳಿಗೆಯೂ ಸೇರಲಿ. ದಿನಾ ನುಂಗುತ್ತಿದ್ದ ಆ ಗುಳಿಗೆಯನ್ನು ಒಮ್ಮೆಲೇ ಬಿಡುವುದೂ ಅಪಾಯ.

ಮಳೆ ಕೈಕೊಟ್ಟು ಹೆಸರು, ಮೆಣಸಿನಕಾಯಿ ಹೋದ ವರ್ಷ ಸಾಲ ಹೊತ್ತ ಗಂಡಸರು ಮನೆಯಲ್ಲಿ ಮಾತೇ ಬಿಟ್ಟಿರುತ್ತಾರೆ. ಸಾಯುವ ಯೋಚನೆ ಬಂದಿದ್ದರೆ ಡಾಕ್ಟರಿಗೆ ನೇರವಾಗಿ ಹೇಳಿ. ಮನೆಯವರೂ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು. ಕ್ರಿಮಿನಾಶಕದ ಡಬ್ಬಿಯನ್ನು ಬೀಗ ಹಾಕಿಡಿ, ಅವರನ್ನು ಒಂಟಿಯಾಗಿ ಬಿಡಬೇಡಿ. ಇಂಥವರು ನನ್ನ ಬಳಿ ಖಮೀರಾ ಗಾವ್‌ಜಬಾನ್ ಕೇಳಿಕೊಂಡು ಬಂದರೆ ನಾನು ಚೀಟಿ ಬರೆಯುವುದು ಮನೋವೈದ್ಯರಿಗೆ.

ಅವರು ದೂರವೇನೂ ಇಲ್ಲ. 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾದ ಧಾರವಾಡದ ಡಿಮ್ಹಾನ್ಸ್‌ಗೆ ಇಂದು ನಿದ್ದೆ ಬಾರದವರೂ, ಕುಡಿತ ಬಿಡಬೇಕೆನ್ನುವವರೂ ಹೋಗುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ತಪಾಸಣೆ ಇರುತ್ತದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ರಾತ್ರಿ ಹೊತ್ತಿನಲ್ಲಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಖಿನ್ನತೆಯ ಗುಳಿಗೆ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕು ದಿನ ನುಂಗಿ ಗುಣವಾಗಲಿಲ್ಲ ಎಂದು ಬಿಡಬೇಡಿ. ರಮಝಾನ್ ಬಂದಾಗಲೂ ಅಷ್ಟೇ: ಗುಳಿಗೆಯನ್ನು ಸಹರಿಗೋ ಇಫ್ತಾರಿಗೋ ಹೊಂದಿಸಿಕೊಡಿ ಎಂದು ಒಂದು ತಿಂಗಳು ಮೊದಲೇ ಡಾಕ್ಟರನ್ನು ಕೇಳಿ. ಲಿಥಿಯಂ ನುಂಗುವವರು ಉಪವಾಸದಲ್ಲಿ ಮೈಯ ನೀರು ಕಡಿಮೆಯಾಗಿ ಅಪಾಯಕ್ಕೆ ಸಿಲುಕಬಹುದು. ಅವರಂತೂ ಕೇಳದೆ ರೋಝಾ ಹಿಡಿಯಬಾರದು.